ಕೆರೆದು ತೆಗೆದ ಮೂರು ಸಾಲು

ಬಾಸೆಲ್,
16 ಫೆಬ್ರವರಿ 1964

ಪ್ರೀತಿಯ ಅಪ್ಪ,

ಅಮ್ಮ ಕಳಿಸಿದ ಉಣ್ಣೆಯ ಕಾಲುಚೀಲ ತಲುಪಿತು. ಇಲ್ಲಿ ನದಿಯ ಮೇಲಿನ ಮಂಜು ಹತ್ತು ಗಂಟೆಯಾದರೂ ಕರಗುವುದಿಲ್ಲ. ತೊಗಲಿನ ಹಾಳೆಗಳಿಗೆ ಬಿಸಿ ಆಗಿಬರುವುದಿಲ್ಲವೆಂದು ನಮ್ಮ ಕೋಣೆಯಲ್ಲಿ ಒಲೆ ಹಚ್ಚುವುದಿಲ್ಲ. ಕೋಟು ಹಾಕಿಕೊಂಡೇ ಕೆಲಸ ಮಾಡುತ್ತೇವೆ.

ಈ ವರ್ಷ ಗ್ರಂಥಾಲಯದವರು ನನಗೆ ಇಪ್ಪತ್ತಾರು ಲ್ಯಾಟಿನ್ ಹಸ್ತಪ್ರತಿಗಳನ್ನು ಒಪ್ಪಿಸಿದ್ದಾರೆ. ಒಂದೊಂದನ್ನೂ ಅಳೆದು, ಹಾಳೆ ಎಣಿಸಿ, ಇದುವರೆಗೆ ಅದು ಯಾರ್ಯಾರ ಬಳಿ ಇತ್ತು ಎಂದು ಪತ್ತೆಹಚ್ಚಿ ಪಟ್ಟಿಗೆ ಬರೆಯಬೇಕು. ವರ್ಷದ ಕೊನೆಗೆ ಪಟ್ಟಿ ಅಚ್ಚಾಗುತ್ತದೆ. ನಮ್ಮ ಮೇಲಿನವರು ಡಾಕ್ಟರ್ ವೆಂಗರ್ ಎಂಬ ಹಿರಿಯ ಹೆಂಗಸು. "ಪುಸ್ತಕ ಓದೋದು ಆಮೇಲೆ, ಮೊದ್ಲು ಅದರ ಮೈ ನೋಡು" ಎನ್ನುತ್ತಿರುತ್ತಾರೆ.

ಪಟ್ಟಿಯಲ್ಲಿ ಹದಿನಾಲ್ಕನೆಯ ಸಂಖ್ಯೆಯದು ಒಂದು ಕೀರ್ತನೆಗಳ ಪುಸ್ತಕ. ಎರಡು ಅಂಗೈ ಜೋಡಿಸಿದಷ್ಟು ಅಗಲ. ಬೀಚ್ ಮರದ ಹಲಗೆಯ ರಟ್ಟು. ಎರಡು ಕೊಂಡಿಗಳಲ್ಲಿ ಒಂದು ಬಿದ್ದುಹೋಗಿದೆ. ಹಾಳೆಗಳ ರೋಮದ ಬದಿ ಹಳದಿ, ಮುಟ್ಟಿದರೆ ಕೂದಲಿನ ರಂಧ್ರಗಳು ಬೆರಳಿಗೆ ತಿಳಿಯುತ್ತವೆ. ಒಳಬದಿ ಇನ್ನೂ ಹಾಲಿನಂತಿದೆ. ಅರವತ್ತೆರಡನೆಯ ಹಾಳೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತಿತ್ತು. ಅದನ್ನು ಯಾರೋ ಹಸಿರು ರೇಷ್ಮೆ ದಾರದಿಂದ ಹೊಲಿದಿದ್ದಾರೆ.

ನಮ್ಮೂರಿನ ಸಂತ ದೆಫೆಂದೆಂತೆಯ ಚರ್ಚಿನಲ್ಲಿದ್ದ ಪುಸ್ತಕದಲ್ಲೂ ಅಂಥದ್ದೇ ಹಸಿರು ಹೊಲಿಗೆ ಇತ್ತಲ್ಲವೇ? ನಾನು ಮೊದಲ ಪರಮಪ್ರಸಾದಕ್ಕೆ ತಯಾರಾಗುತ್ತಿದ್ದ ವರ್ಷ ಆಗಿನ ಪಾದ್ರಿ ದೊನ್ ಎವಾಸಿಯೊ ನಮಗೆಲ್ಲ ತೋರಿಸಿದ್ದರು. ಮೂವತ್ತು ವರ್ಷ ಅಲ್ಲಿ ಗಂಟೆ ಬಾರಿಸಿದವರು ನೀವು, ನಿಮಗೆ ಗೊತ್ತಿರುತ್ತದೆ. ನೆನಪು ಸರಿಯೋ ಎಂದು ಕೇಳಿದೆ, ಅಷ್ಟೇ.

ನಿಮ್ಮ
ಪಿಯೆರಿನಾ


ಮೊಂತೆಸ್ಪಿನೊ,
8 ಮಾರ್ಚ್ 1964

ಮಗಳೇ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ದ್ರಾಕ್ಷಿ ಸವರುವ ಕಾಲ, ಕೈ ಬಿಡುವಿರಲಿಲ್ಲ. ಮೇಲಿನ ಸಾಲಿನ ಬಳ್ಳಿಗಳಿಗೆ ಹೊಸ ಗೂಟ ಹೊಡೆದೆ. ದೊಡ್ಡ ಗಂಟೆಯ ಹಗ್ಗ ಸವೆದಿದೆ, ಹೊಸ ಪಾದ್ರಿ ನಾಳೆ ತರಿಸುತ್ತೇನೆ ಎನ್ನುತ್ತಲೇ ಇದ್ದಾರೆ.

ನೀನು ಕೇಳಿದ ಹೊಲಿಗೆ ನನಗೆ ನೆನಪಿಲ್ಲ. ನಾನು ಗಂಟೆ ಬಾರಿಸುವವನು, ಮೇಣದಬತ್ತಿ ಹಚ್ಚುವವನು. ಪುಸ್ತಕ ತೆರೆಯುತ್ತಿದ್ದವರು ಪಾದ್ರಿಗಳು. ಹಳೆಯ ಪುಸ್ತಕಗಳಿಗೆಲ್ಲ ತೂತೂ ಇರುತ್ತದೆ, ಹೊಲಿಗೆಯೂ ಇರುತ್ತದೆ. ಆ ಪುಸ್ತಕ ಏನಾಯಿತೆಂದು ಊರಿಗೆಲ್ಲ ಗೊತ್ತು. ದೊನ್ ಎವಾಸಿಯೊ ತೀರಿಹೋಗಿ ಹನ್ನೊಂದು ವರ್ಷವಾಯಿತು. ಸತ್ತವರ ವಿಷಯ ಕೆದಕುವುದು ಬೇಡ.

ನಮ್ಮ ಅಂಚೆಯವನು ಕಾರ್ಡುಗಳನ್ನು ಓದುತ್ತಾನೆ. ಬರೆಯುವುದಿದ್ದರೆ ಲಕೋಟೆಯಲ್ಲೇ ಬರೆ.

ಆರೋಗ್ಯ ನೋಡಿಕೋ.
ನಿನ್ನ ಅಪ್ಪ


ಬಾಸೆಲ್,
12 ಏಪ್ರಿಲ್ 1964

ಅಪ್ಪ,

ಫೆಬ್ರವರಿಯಲ್ಲಿ ನಾನು ಬರೆದದ್ದು ಪ್ರಾಮಾಣಿಕ ಪತ್ರವಲ್ಲ. ಉತ್ತರ ಗೊತ್ತಿದ್ದೂ ಪೊಲೀಸರಂತೆ ನಿಮ್ಮ ಬಾಯಿಂದ ಹೊರಡಿಸಲು ನೋಡಿದೆ. ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ. ಈಗ ನೇರವಾಗಿ ಬರೆಯುತ್ತೇನೆ.

ಪುಸ್ತಕದ ಮೊದಲ ಹಾಳೆಯ ಕೆಳಗೆ ಮೂರು ಸಾಲುಗಳನ್ನು ಕೆರೆದು ತೆಗೆದಿದ್ದಾರೆ. ಬೆಳಕಿಗೆ ಹಿಡಿದರೆ ಅಷ್ಟು ಜಾಗ ಮಾತ್ರ ತೆಳ್ಳಗೆ, ಜೂಲು ಎದ್ದ ಬಟ್ಟೆಯ ಹಾಗೆ ಕಾಣುತ್ತದೆ. ನಮ್ಮಲ್ಲಿ ನೇರಳೆ ಬೆಳಕಿನ ಒಂದು ದೀಪವಿದೆ. ಅದರ ಕೆಳಗೆ ತೊಗಲು ಹೊಳೆಯುತ್ತದೆ, ಕಬ್ಬಿಣದ ಶಾಯಿ ಇಳಿದಿದ್ದ ಕಡೆ ಮಾತ್ರ ಕಪ್ಪಗೆ ಉಳಿಯುತ್ತದೆ. ಜನವರಿಯ ಆರಂಭದಲ್ಲೇ ಓದಿದೆ. ಮೊಂತೆಸ್ಪಿನೊ ಊರಿನ ಸಂತ ದೆಫೆಂದೆಂತೆಯ ಚರ್ಚಿಗೆ, ಮುಚ್ಚಿದ ಮಠದ ಕೊನೆಯ ಸನ್ಯಾಸಿನಿ 1802ರಲ್ಲಿ ತಂದೊಪ್ಪಿಸಿದ್ದು ಎಂದು ಬರೆದಿತ್ತು.

ಅಷ್ಟೇ ಆಗಿದ್ದರೆ ಊರಿನವರಂತೆ ನಾನೂ ದೊನ್ ಎವಾಸಿಯೊ ಅವರನ್ನೇ ನೆನೆಯುತ್ತಿದ್ದೆ. 1948ರಲ್ಲಿ ಬಿಷಪ್ ಬಂದು ಪುಸ್ತಕ ತೋರಿಸಿ ಎಂದದ್ದು, ಪೆಟ್ಟಿಗೆ ಖಾಲಿ ಇದ್ದದ್ದು, ಬೀಗದ ಕೈ ಪಾದ್ರಿಗಳ ಸೊಂಟದಲ್ಲೇ ಇದ್ದದ್ದು, ಅದೇ ವರ್ಷ ಚರ್ಚಿನ ಮಾಡಿಗೆ ಹೊಸ ಹೆಂಚು ಬಂದದ್ದು, ಇದನ್ನೆಲ್ಲ ಸೇರಿಸಿ ಊರು ಕಟ್ಟಿದ ಕಥೆಯನ್ನು ಕೇಳುತ್ತಲೇ ಬೆಳೆದೆ. ಊರಿನವರು ಸಹಿ ಹಾಕಿ ಬಿಷಪ್ಪರಿಗೆ ಪತ್ರ ಕಳಿಸಿದ್ದು, ಅವರನ್ನು ಮುದುಕರ ಆಶ್ರಮವೊಂದಕ್ಕೆ ವರ್ಗ ಮಾಡಿದ್ದು, ಅಲ್ಲೇ ಅವರು ತೀರಿಕೊಂಡದ್ದೂ ಗೊತ್ತಿದೆ.

ಆದರೆ ಈ ಪುಸ್ತಕದ ಜೊತೆ ಒಂದು ಕಡತವೂ ಇಲ್ಲಿಗೆ ಬಂದಿದೆ. ಅದರಲ್ಲಿ ಮಿಲಾನಿನ ವ್ಯಾಪಾರಿ ತನ್ನ ಗಿರಾಕಿಗೆ ಬರೆದ ಪತ್ರವಿದೆ. "1947ರ ನವೆಂಬರಿನಲ್ಲಿ ಹಳ್ಳಿಯ ಚರ್ಚಿನ ಗಂಟೆಯವನಿಂದ, ಒಂದು ಹಳೆಯ ಮೋಟಾರ್‌ಸೈಕಲ್ಲಿಗೆ ಬದಲಾಗಿ ಪಡೆದದ್ದು."

ಆ ಮೋಟಾರ್‌ಸೈಕಲ್ಲಿನ ಹಿಂದೆ ಕೂತು ನಾನು ಸಂತೆಗೆ ಹೋಗುತ್ತಿದ್ದೆ. ಅರ್ಜೆಂಟೀನಾದ ದೊಡ್ಡಪ್ಪ ಕಳಿಸಿದ ಹಣದಿಂದ ಕೊಂಡದ್ದು ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನು.

ಇನ್ನೊಂದು ವಿಷಯವನ್ನೂ ಬರೆದುಬಿಡುತ್ತೇನೆ. ಪಟ್ಟಿಯ ಕರಡಿನಲ್ಲಿ ನಾನು ಬರೆದಿರುವುದು ಇದು: "ಮೊದಲ ಹಾಳೆಯಲ್ಲಿ ಮೂರು ಸಾಲು ಅಳಿಸಲಾಗಿದೆ. ಓದಲಾಗುವುದಿಲ್ಲ." ಓದಿದ ಮರುದಿನವೇ ಹಾಗೆ ಬರೆದೆ.

ಪಿಯೆರಿನಾ


ಮೊಂತೆಸ್ಪಿನೊ,
24 ಮೇ 1964

ಪಿಯೆರಿನಾ,

ನಾನು ಅಮ್ಮ. ನನ್ನ ಅಕ್ಷರ ನಿನಗೆ ಗೊತ್ತೇ ಇದೆ, ನಗಬೇಡ.

ನಿನ್ನ ಅಪ್ಪನಿಗೆ ಏನು ಬರೆದೆ? ಪತ್ರ ಬಂದ ದಿನ ಓದಿದರು, ಒಲೆಗೆ ಹಾಕಿದರು. ಅಂದಿನಿಂದ ಪೊಲೆಂತಾ ಗಂಜಿ ತಟ್ಟೆಯಲ್ಲೇ ತಣ್ಣಗಾಗುತ್ತದೆ. ಕಾಹಿಲೆಯೋ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಹೋದ ಭಾನುವಾರ ಪೂಜೆಯ ನಡುವೆ ಗಂಟೆ ಹೊಡೆಯುವುದನ್ನೇ ಮರೆತರು. ಪಾದ್ರಿ ತಿರುಗಿ ನೋಡಿ ಎರಡು ಸಲ ಕೆಮ್ಮಬೇಕಾಯಿತು. ಜನ ನಕ್ಕರು.

ನಿನ್ನೆ ನಾನೇ ಅಡ್ಡ ನಿಂತೆ. "ಮಗಳಿಗೆ ಏನಾದ್ರೂ ಆಗಿದ್ಯಾ, ಬಸುರಾಗಿದ್ದಾಳಾ, ಹೇಳ್ರಿ" ಎಂದೆ. "ಅವಳಿಗೇನಿಲ್ಲ ತೆರ್ಸಿಲ್ಲಾ, ಆಗಿರೋದು ನನಗೆ" ಎಂದು ದನದ ಕೊಟ್ಟಿಗೆಗೆ ಹೋಗಿ ಕೂತರು. ಒಂದು ಗಂಟೆ ಬಿಟ್ಟು ನಾನೂ ಹೋದೆ. ಎಲ್ಲವನ್ನೂ ಹೇಳಿದರು, ನನ್ನ ಮುಖ ನೋಡದೆ, ಹಸುವಿನ ಕಡೆ ತಿರುಗಿಕೊಂಡು.

ಇದನ್ನು ಒಳಗಿಟ್ಟುಕೊಂಡ ಮನುಷ್ಯನ ಅಂಗಿಯನ್ನು ಹದಿನೇಳು ವರ್ಷ ಒಗೆದಿದ್ದೇನೆ ಪಿಯೆರಿನಾ. ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ದೊನ್ ಎವಾಸಿಯೊ ಅವರ ತಂಗಿ ಒರ್ತೆನ್ಸಿಯಾ ಬಂದಾಗ ಹೆಂಗಸರೆಲ್ಲ ಬುಟ್ಟಿ ಎತ್ತಿಕೊಂಡು ಆಚೆ ಸರಿಯುತ್ತಾರಲ್ಲ, ನಾನೂ ಸರಿಯುತ್ತಿದ್ದೆ.

ಬೈದು ಬರೆಯಬೇಡ. ಅವರೇ ಬರೆಯುತ್ತಾರೆ. ನಾನು ಬರೆಸುತ್ತೇನೆ.

ಅಮ್ಮ


ಮೊಂತೆಸ್ಪಿನೊ,
14 ಜೂನ್ 1964

ಮಗಳೇ,

ಮೂರು ಸಲ ಬರೆದು ಹರಿದೆ. ನಿನ್ನ ಅಮ್ಮ ಬಾಗಿಲಲ್ಲಿ ಅವರೆ ಬಿಡಿಸುತ್ತಾ ಕೂತಿದ್ದಾಳೆ. ಮುಗಿಯದೆ ಏಳುವ ಹಾಗಿಲ್ಲ.

ಯುದ್ಧ ಮುಗಿದ ಮೇಲೆ ಆ ವ್ಯಾಪಾರಿ ಎರಡು ಸಲ ಬಂದಿದ್ದ. ಮೊದಲ ಸಲ ನೇರವಾಗಿ ದೊನ್ ಎವಾಸಿಯೊ ಅವರನ್ನೇ ಕೇಳಿದ. ಅವರು ನಕ್ಕು, "ನಂದಾಗಿದ್ರೆ ಕೊಡ್ತಿದ್ದೆ ಸ್ವಾಮಿ, ಇದು ಊರಿಂದು" ಎಂದು ವೈನು ಕುಡಿಸಿ ಕಳಿಸಿದರು. ಎರಡನೆಯ ಸಲ ಅವರು ಊರಲ್ಲಿರಲಿಲ್ಲ. ನಾನು ಗಂಟೆಗೋಪುರಕ್ಕೆ ಸುಣ್ಣ ಹೊಡೆಯುತ್ತಿದ್ದೆ. ಅವನು ಸೈನ್ಯದವರು ಮಾರಿದ ಮೋಟಾರ್‌ಸೈಕಲ್ ಒಂದನ್ನು ಹತ್ತಿ ಬಂದಿದ್ದ. ನಾನು ನೋಡುವುದನ್ನು ನೋಡಿದ. "ಒಂದ್ ಸುತ್ತು ಹಾಕ್ಕೊಂಡ್ ಬಾ" ಎಂದ. ಸ್ಮಶಾನದವರೆಗೆ ಹೋಗಿ ಬಂದೆ. ಅಷ್ಟು ಸಾಕಾಯಿತು.

ಪೆಟ್ಟಿಗೆಗೆ ಎರಡನೆಯ ಬೀಗದ ಕೈ ಇತ್ತು. ಯುದ್ಧದಲ್ಲಿ ಜರ್ಮನ್ನರು ಚರ್ಚು ಶೋಧಿಸಿದಾಗ ಕಳೆದುಹೋಯಿತೆಂದು ಎಲ್ಲರೂ ತಿಳಿದಿದ್ದರು. ನನಗೆ ಅದು ಗೋಪುರದ ಮೆಟ್ಟಿಲ ಸಂದಿಯಲ್ಲಿ ಸಿಕ್ಕಿತ್ತು, ಯಾರಿಗೂ ಹೇಳಿರಲಿಲ್ಲ. ಏಕೆ ಹೇಳಲಿಲ್ಲವೋ ಇವತ್ತಿಗೂ ತಿಳಿಯದು.

ಪುಸ್ತಕ ತೆಗೆದು ತಂದಾಗ ವ್ಯಾಪಾರಿ, ಅದರಲ್ಲಿ ಚರ್ಚಿನ ಹೆಸರು ಇರಬಾರದು ಎಂದ. ಕಿಟಕಿಯ ಬಳಿ ಕೂತು ನನ್ನ ಕ್ಷೌರದ ಕತ್ತಿಯಿಂದ ಕೆರೆದೆ. ತೂತು ಬೀಳದ ಹಾಗೆ ಕೆರೆದೆ. ಅವನು "ಒಳ್ಳೆ ಕೈ ನಿಂದು" ಎಂದಾಗ ನನಗೆ ಖುಷಿಯಾಯಿತು. ಇದನ್ನು ಬರೆಯುವಾಗ ಬೇರೆ ಯಾವುದಕ್ಕಿಂತಲೂ ಹೆಚ್ಚು ನಾಚಿಕೆಯಾಗುತ್ತಿದೆ. ಅವನು ಪುಸ್ತಕವನ್ನು ಕೋಟಿನೊಳಗೆ ಇಟ್ಟುಕೊಂಡು ಬಸ್ಸಿನಲ್ಲಿ ಹೋದ.

ಮನೆಯಲ್ಲಿ ಹಸಿವಿತ್ತು ಎಂದು ಬರೆಯಬಹುದು, ನೀನು ನಂಬಲೂಬಹುದು. ಹಸಿವಿರಲಿಲ್ಲ. ಆ ವರ್ಷ ದ್ರಾಕ್ಷಿ ಚೆನ್ನಾಗಿ ಬಂದಿತ್ತು.

ಬಿಷಪ್ಪರು ಬಂದು ಹೋದ ಮೇಲೆ ಊರಿನವರು ಹೋಟೆಲಿನ ಮೇಜಿನ ಮೇಲೆ ಆ ದೂರಿನ ಪತ್ರ ಬರೆದರು. ಗಂಟೆಯವನು ಒಳಗಿನವನು, ಅವನು ಸಹಿ ಹಾಕಿದರೆ ತೂಕ ಬರುತ್ತದೆ ಎಂದರು. ಹಾಕದಿದ್ದರೆ ಏಕೆಂದು ಕೇಳುತ್ತಿದ್ದರು. ನಲವತ್ತಮೂರು ಸಹಿಗಳಲ್ಲಿ ಮೊದಲನೆಯದು ನನ್ನದು.

ದೊನ್ ಎವಾಸಿಯೊ ಹೊರಟ ದಿನ ಅವರ ಪೆಟ್ಟಿಗೆಯನ್ನು ಲಾರಿಗೆ ಏರಿಸಿದವನೂ ನಾನೇ. "ಗಾಸ್ಪರೆ, ಉತ್ತರದ ಕಡೆ ಎರಡು ಹೆಂಚು ಸಡಿಲ ಇದೆ, ಮಳೆಗೆ ಮುಂಚೆ ನೋಡ್ಕೋ" ಎಂದರು. ಆ ಹೆಂಚಿನ ಹಣ ಅವರ ತಂದೆಯ ಹೊಲ ಮಾರಿದ್ದೆಂದು ಅವರು ಸತ್ತ ಮೇಲೆ ತಿಳಿಯಿತು. ತಿಳಿದೂ ಸುಮ್ಮನಿದ್ದೆ.

ನಿನ್ನ ಪಟ್ಟಿಯಲ್ಲಿ ಏನು ಬರೆಯಬೇಕೋ ಬರೆ. ಓದಲಾಗುವುದಿಲ್ಲ ಎಂದೇ ಬಿಟ್ಟರೂ ಯಾರಿಗೂ ತಿಳಿಯುವುದಿಲ್ಲವಲ್ಲ ಎಂಬ ಆಸೆ ಈ ಸಾಲು ಬರೆಯುವಾಗಲೂ ನನಗಿದೆ. ಅದನ್ನೂ ಹೇಳಿಬಿಡಬೇಕೆನಿಸಿತು.

ಅಪ್ಪ


ಬಾಸೆಲ್,
19 ಜುಲೈ 1964

ಪ್ರೀತಿಯ ಅಪ್ಪ,

ನಿಮ್ಮ ಪತ್ರವನ್ನು ಕೆಲಸದ ಚೀಲದಲ್ಲಿಟ್ಟುಕೊಂಡು ಒಂದು ತಿಂಗಳು ತಿರುಗಿದೆ. ಹೋದ ವಾರ ಡಾಕ್ಟರ್ ವೆಂಗರ್ ಮುಂದೆ ಕರಡು ಇಟ್ಟು, ನಾನು ಓದಿದ್ದನ್ನೂ ಮುಚ್ಚಿಟ್ಟದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಅವರು ಕತ್ತೀಲಿ ಕೆರೆದ್ರು, ನೀನು ಪೆನ್ನಲ್ಲಿ ಕೆರೆದೆ. ಎರಡರಲ್ಲಿ ಯಾವುದು ಸಣ್ಣದು ಅಂತ ನನ್ನನ್ನ ಕೇಳಬೇಡ" ಎಂದರು. ಕೆಲಸದಿಂದ ತೆಗೆಯುತ್ತಾರೆಂದುಕೊಂಡಿದ್ದೆ. ತೆಗೆಯಲಿಲ್ಲ. ಆದರೆ ಉಳಿದ ಇಪ್ಪತ್ತೈದು ಪುಸ್ತಕಗಳನ್ನೂ ತಾವೇ ಮತ್ತೊಮ್ಮೆ ದೀಪದ ಕೆಳಗಿಟ್ಟು ನನ್ನ ಕರಡಿನೊಂದಿಗೆ ಹೋಲಿಸಿ ನೋಡುತ್ತಿದ್ದಾರೆ. ನಾನು ಎದುರಿನ ಮೇಜಿನಲ್ಲಿ ಕೂತು ಅದನ್ನು ನೋಡುತ್ತೇನೆ.

ಹೊಸ ಕರಡನ್ನು ನಮ್ಮ ಭಾಷೆಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಪುಸ್ತಕ ಮಠದಲ್ಲಿ ಬರೆದದ್ದು. ಕೊನೆಯ ಹಾಳೆಯ ಮೇಲೆ 1630ರ ಪ್ಲೇಗಿನಲ್ಲಿ ಸತ್ತ ಒಂಬತ್ತು ಸನ್ಯಾಸಿನಿಯರ ಹೆಸರುಗಳಿವೆ. ಮೊದಲ ಎಂಟನ್ನು ಬರೆದ ಕೈ ಒಂದೇ, ಒಂಬತ್ತನೆಯದು ಬೇರೆ ಕೈ. ಆ ಎಂಟು ಹೆಸರು ಬರೆದವಳೇ ಒಂಬತ್ತನೆಯವಳು ಎಂದು ನನ್ನ ಊಹೆ. ಆಮೇಲೆ ನಮ್ಮ ಚರ್ಚು. ಆಮೇಲೆ, "1947ರಲ್ಲಿ ಕೈಬದಲಾಯಿತು." ಇದು ಗ್ರಂಥಾಲಯದ ಆಡಳಿತದವರು ಸೂಚಿಸಿದ ಮಾತು. ಇಂಥ ಪಟ್ಟಿಗಳಲ್ಲಿ ಹೀಗೇ ಬರೆಯುವ ವಾಡಿಕೆ ಎಂದರು. ನಾನು ಒಪ್ಪಿದೆ. ಒಪ್ಪಿದಾಗ ಹಗುರವಾಯಿತು ಎಂಬುದೂ ನಿಜ.

ಹಾಳೆಗಳ ಮೂಲೆಯಲ್ಲಿ ಪೆನ್ಸಿಲಿನ ಅಂಕಿಗಳಿವೆ. ವ್ಯಾಪಾರಿಯದೆಂದು ತಿಳಿದಿದ್ದೆ. ಮೊನ್ನೆ ಗಮನಿಸಿದೆ, ನಾಲ್ಕಕ್ಕೆ ತಲೆ ಕೂಡಿಸಿಲ್ಲ, ಏಳಕ್ಕೆ ನಡುವೆ ಗೀಟಿದೆ. ನಮ್ಮ ಧರ್ಮಪಾಠದ ಹಲಗೆಯ ಮೇಲಿನ ಅಂಕಿಗಳೇ. ದೊನ್ ಎವಾಸಿಯೊ ಒಂದೊಂದು ಹಾಳೆಗೂ ಅಂಕಿ ಹಾಕಿದ್ದಾರೆ. ಎಂಬತ್ತೇಳು ಎರಡು ಸಲ ಬಂದಿದೆ. ಅದನ್ನು ಕಂಡುಕೊಂಡು ಒಂದರ ಪಕ್ಕ ಸಣ್ಣದಾಗಿ "ಕ್ಷಮಿಸಿ" ಎಂದು ಲ್ಯಾಟಿನ್ನಿನಲ್ಲಿ ಬರೆದಿದ್ದಾರೆ.

ಅಪ್ಪ, ಇದು ಅಚ್ಚಾಗುವ ಮೊದಲು ಅವರ ತಂಗಿಗೆ ತಿಳಿಯಬೇಕು. ನಾನು ಬರೆಯಬಲ್ಲೆ. ಬರೆದರೆ ನೀವು ಮಗಳನ್ನು ಮುಂದೆ ಬಿಟ್ಟ ಹಾಗಾಗುತ್ತದೆ.

ನಿಮ್ಮ
ಪಿಯೆರಿನಾ


ಮೊಂತೆಸ್ಪಿನೊ,
6 ಸೆಪ್ಟೆಂಬರ್ 1964

ಮಗಳೇ,

ಹೋಗಿದ್ದೆ. ನಾಲ್ಕು ಸಲ ಅವರ ಬಾಗಿಲ ಮುಂದೆ ಹಾದುಹೋಗಿ ಹಿಂತಿರುಗಿದ್ದೆ. ಐದನೆಯ ಸಲ ಅವರೇ ಕಿಟಕಿಯಿಂದ, "ಗಾಸ್ಪರೆ, ನನ್ನ ಬೀದಿ ಸವೀತಿದೆ. ಒಳಗೆ ಬಾ, ಇಲ್ಲಾಂದ್ರೆ ಬೇರೆ ದಾರಿ ಹಿಡಿ" ಎಂದರು.

ಟೊಮ್ಯಾಟೊ ಬೇಯಿಸಿ ಜರಡಿಯಲ್ಲಿ ಸೋಸುತ್ತಿದ್ದರು. ಕೈಯೆಲ್ಲ ಕೆಂಪು. ಕೂರು ಎಂದರು, ನಾನು ಕೂರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಹೇಳಿದೆ. ಮೊದಲಿನಿಂದ ಹೇಳಿದೆ, ಬೀಗದ ಕೈ, ಕತ್ತಿ, ಸಹಿ. ಅವರು ಸೋಸುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೇಳಿದರು:

"ಮೋಟಾರ್‌ಸೈಕಲ್ಲಿಗಾ?"

"ಹೌದು, ಒರ್ತೆನ್ಸಿಯಕ್ಕ."

"ಯಾರೋ ಹೊಟ್ಟೆಗಿಲ್ದೆ ತಗೊಂಡಿರ್ತಾರೆ ಅಂತ ಒಂದೊಂದ್ಸಲ ಅನ್ಕೋತಿದ್ದೆ. ಆ ಹೊಟ್ಟೆಗೋಸ್ಕರ ಪ್ರಾರ್ಥನೆ ಮಾಡ್ತಿದ್ದೆ ಕಣೋ."

ಅವರು ಜರಡಿ ಕೆಳಗಿಟ್ಟರು.

"ಒಂದೊಂದ್ಸಲ ಅಂದೆ. ಮಿಕ್ಕ ದಿನ ಏನನ್ಕೋತಿದ್ದೆ ಗೊತ್ತಾ? ಅಣ್ಣನೇ ಮಾರಿದಾನೆ ಅಂತ. ಮಾಡು ಸೋರ್ತಿತ್ತಲ್ಲ, ಹೊಲದ ಹಣ ಸಾಕಾಗಿರಲ್ಲ ಅಂತ. ಆಶ್ರಮದಲ್ಲಿ ಅವನು ಹಾಸಿಗೆ ಹಿಡಿದಾಗ ಕೇಳೇಬಿಟ್ಟೆ. 'ಎವಾಸಿಯೊ, ಈಗಲಾದ್ರೂ ಹೇಳು, ನಾನು ನಿನ್ನ ತಂಗಿ' ಅಂತ. ಅವನು ನನ್ನನ್ನ ನೋಡಿದ. ಆಮೇಲೆ ಗೋಡೆ ಕಡೆ ತಿರುಗಿದ. ಎರಡು ದಿನ ಬದುಕಿದ್ದ, ಮತ್ತೆ ಈ ಕಡೆ ತಿರುಗಲಿಲ್ಲ."

ಮಗಳೇ, ನಾನು ಕದ್ದದ್ದು ಒಂದು ಪುಸ್ತಕ ಎಂದು ಇಷ್ಟು ವರ್ಷ ತಿಳಿದಿದ್ದೆ.

ನೀನು ಬರೆದಿದ್ದ ಪೆನ್ಸಿಲಿನ ಅಂಕಿಗಳ ವಿಷಯ ಹೇಳಿದೆ. ಎಂಬತ್ತೇಳರ ಪಕ್ಕದ "ಕ್ಷಮಿಸಿ"ಯನ್ನೂ ಹೇಳಿದೆ. ಅವರು ಏಪ್ರನ್ನಿನಿಂದ ಮುಖ ಮುಚ್ಚಿಕೊಂಡರು. "ಈಗ ಹೋಗು, ಪಾತ್ರೆ ತಳ ಹಿಡಿಯುತ್ತೆ" ಎಂದರು. ಬಾಗಿಲು ದಾಟುವಾಗ ಕ್ಷಮಿಸಿ ಎಂದು ಕೇಳಬೇಕೆಂದಿದ್ದೆ. ಆ ಮಾತು ಆಗಷ್ಟೇ ಆ ಮನೆಯಲ್ಲಿ ಅವರ ಅಣ್ಣನ ಹೆಸರಿನಲ್ಲಿ ಆಡಿದ್ದಾಗಿತ್ತು. ನನ್ನ ಬಾಯಿಂದ ಬರಲಿಲ್ಲ.

ಮರುದಿನ ನಿನ್ನ ಅಮ್ಮ ಬಟ್ಟೆಬುಟ್ಟಿ ಹಿಡಿದು ಕಟ್ಟೆಗೆ ಹೋಗಿ ಒರ್ತೆನ್ಸಿಯಾ ಪಕ್ಕದ ಕಲ್ಲಿನ ಮೇಲೆ ಒಗೆದಳು.

ಅಪ್ಪ


ಮೊಂತೆಸ್ಪಿನೊ,
19 ಅಕ್ಟೋಬರ್ 1964

ಪಿಯೆರಿನಾ,

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಒರ್ತೆನ್ಸಿಯಾ ನಮ್ಮ ಮನೆಗೆ ಬಂದರು. ಹದಿನಾರು ವರ್ಷದಲ್ಲಿ ಮೊದಲ ಸಲ. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು, "ಆ ಪತ್ರ ಎಲ್ಲಿ ಬರೆದ್ರೋ ಅಲ್ಲೇ ಹೇಳು. ಭಾನುವಾರ, ಪೂಜೆ ಆದ್ಮೇಲೆ. ನಾನೂ ಬರ್ತೀನಿ" ಎಂದರು.

ನಿನ್ನೆ ಹೇಳಿದೆ. ಹೋಟೆಲು ತುಂಬಿತ್ತು, ಇಸ್ಪೀಟು ನಡೆದಿತ್ತು. ಒರ್ತೆನ್ಸಿಯಾ ಒಳಗೆ ಕಾಲಿಟ್ಟಾಗಲೇ ಅರ್ಧ ಜನ ಎಲೆ ಕೆಳಗಿಟ್ಟರು. ನಾನು ನಿಂತು ಹೇಳತೊಡಗಿದೆ. ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಯಾರೋ, "ಗಾಸ್ಪರೆ, ಹಳೇ ಕಥೆ ಬಿಡೋ, ಒಂದು ಲೋಟ ಹಾಕ್ಕೋ" ಎಂದರು. ಇನ್ನೊಬ್ಬ, "ಇದೆಲ್ಲ ಈಗ ಯಾರಿಗೆ ಬೇಕಾಗಿತ್ತು" ಎಂದು ಎಲೆ ಹಂಚತೊಡಗಿದ. ಆ ನಲವತ್ತಮೂರರಲ್ಲಿ ಹದಿನೆಂಟು ಜನ ಅಲ್ಲೇ ಕೂತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ನೋಡುತ್ತಿದ್ದ ಹಾಗೆ ಮೇಜನ್ನು ನೋಡಿಕೊಂಡು ನಾನೂ ಹದಿನೇಳು ವರ್ಷ ಕಳೆದಿದ್ದೇನೆ.

ಒರ್ತೆನ್ಸಿಯಾ, "ಮಗಳು ಕಳಿಸಿದ ಕಾಗದ ಇದೆಯಲ್ಲ, ಅದನ್ನ ಓದು. ಪೂರ್ತಿ ಓದು" ಎಂದರು. ನಿನ್ನ ಕರಡನ್ನು ಜೇಬಿನಿಂದ ತೆಗೆದೆ. ಹಲಗೆ, ಕೊಂಡಿ, ಹಸಿರು ದಾರ, ಪ್ಲೇಗಿನಲ್ಲಿ ಸತ್ತ ಒಂಬತ್ತು ಜನ, ಎಲ್ಲ ಓದಿದೆ. ಎಲೆ ಹಂಚುವವನ ಕೈ ನಿಂತಿತು. ನಮ್ಮ ಊರಿನ ಹೆಸರು ಬಂದಾಗ ಯಾರೋ ಟೋಪಿ ತೆಗೆದರು. ಆಮೇಲೆ ಆ ಸಾಲು ಬಂತು.

"ಕೈಬದಲಾಯಿತು ಅಂದ್ರೇನು?" ಎಂದು ಒರ್ತೆನ್ಸಿಯಾ ಕೇಳಿದರು.

"ಕದ್ದೆ ಅಂತ."

"ಹಾಗಿದ್ರೆ ಹಾಗೇ ಬರೀಬೇಕು. ಅಣ್ಣ ಒಂದಂಕಿ ತಪ್ಪಿದ್ದಕ್ಕೆ ಬರೆದಿಟ್ಟಿದ್ದಾನೆ."

ಇಷ್ಟು ಹೇಳಿ ಹೊರಟರು. ಯಾರೂ ಅವರ ಹಿಂದೆ ಹೋಗಲಿಲ್ಲ. ಬಾಗಿಲ ಬಳಿ ಕೂತಿದ್ದ ಹಳೆಯ ಗಾರೆಯವನು ಮಾತ್ರ ಎದ್ದು ಬಾಗಿಲು ತೆರೆದು ಹಿಡಿದ. ಅವನದು ಏಳನೆಯ ಸಹಿ.

ಪಾದ್ರಿಗಳಿಗೂ ಹೇಳಿದ್ದೇನೆ. ಅವರು ಬಿಷಪ್ಪರಿಗೆ ಬರೆಯುತ್ತಾರಂತೆ, ಪುಸ್ತಕ ವಾಪಸು ಕೇಳುತ್ತಾರೋ ಏನೋ ನನಗೆ ಗೊತ್ತಿಲ್ಲ. ಚರ್ಚಿನ ಬೀಗದ ಕೈಗಳ ಗೊಂಚಲನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಬರುವ ಭಾನುವಾರದಿಂದ ಗಂಟೆ ಬೇರೆಯವರು ಬಾರಿಸುತ್ತಾರೆ.

ನಿನ್ನ ಕರಡನ್ನು ವಾಪಸು ಕಳಿಸಿದ್ದೇನೆ. ಕೈಬದಲಾಯಿತು ಎಂಬ ಮಾತು ಹೊಡೆದುಹಾಕಿ, ಮೇಲೆ ಕದ್ದದ್ದು ಎಂದೂ ಕದ್ದವನ ಹೆಸರನ್ನೂ ನನ್ನ ಅಕ್ಷರದಲ್ಲಿ ಬರೆದಿದ್ದೇನೆ. ನಿನ್ನ ಆಡಳಿತದವರು ಒಪ್ಪದಿದ್ದರೆ ಈ ಪತ್ರ ತೋರಿಸು. ನಿನ್ನ ಮನೆತನದ ಹೆಸರೂ ಅದೇ ಎಂಬುದು ನನಗೆ ಗೊತ್ತು. ಅದಕ್ಕೆ ನಿನ್ನನ್ನು ಕೇಳಿಯೇ ಬರೆಯಬೇಕಿತ್ತು, ಕೇಳಲಿಲ್ಲ. ಕೇಳಿದ್ದರೆ ನಿನ್ನ ಉತ್ತರ ಬರುವಷ್ಟರಲ್ಲಿ ನನ್ನ ಧೈರ್ಯ ಹೋಗುತ್ತಿತ್ತು.

ಕೆಳಗೆ ಪೂರ್ತಿ ಹೆಸರು ಬರೆದಿದ್ದೇನೆ. ಅಕ್ಷರಗಳನ್ನು ನೋಡಿಕೊಂಡು ಅಚ್ಚಿಗೆ ಕೊಡು, ತಪ್ಪಾಗಬಾರದು.

ಗಾಸ್ಪರೆ ಓದ್ದೊನೆ,
ಜೊವಾನ್ನಿಯ ಮಗ,
1934ರಿಂದ ಹೋದ ಭಾನುವಾರದವರೆಗೆ ಮೊಂತೆಸ್ಪಿನೊ ಊರಿನ ಸಂತ ದೆಫೆಂದೆಂತೆಯ ಚರ್ಚಿನಲ್ಲಿ ಗಂಟೆಯವನು